ಮಂಗಳೂರಲ್ಲಿ ರಾತ್ರಿ ಜಪಾನೀಸ್ ಊಟಕ್ಕೆ ಹೊರಟವ್ರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಮೊದ್ಲೆಲ್ಲ ರಾತ್ರಿ ಹೊರಗೆ ಊಟ ಅಂದ್ರೆ ಒಂದೋ ನೀರ್ ದೋಸೆ ಚಿಕನ್ ಸುಕ್ಕ, ಇಲ್ಲಾಂದ್ರೆ ಗೋಬಿ ಮಂಚೂರಿ ಫ್ರೈಡ್ ರೈಸು, ಅಷ್ಟೇ. ಈಗ ತಂಗಿಗೆ ಜಪಾನೀಸ್ ಹುಚ್ಚು ಹಿಡಿದು ಬರ್ತ್‌ಡೇಗೂ ಅದೇ, ದುಬೈಯಿಂದ ಭಾವ ಬಂದ್ರೂ ಅದೇ, ರಿಸಲ್ಟ್ ಬಂದ್ರೂ ಅದೇ. ಟೇಬಲ್ ಬುಕ್ ಮಾಡುದು, ಆರ್ಡರ್ ಹೇಳುದು, ಯಾರು ಎಂತ ತಿನ್ನುದಿಲ್ಲ ಅಂತ ನೆನಪಿಟ್ಟುಕೊಳ್ಳುದು ಎಲ್ಲ ನನ್ನ ತಲೆಗೆ. ಹೊರಡುವ ಅರ್ಧ ಗಂಟೆ ಮೊದ್ಲು ಫೋನ್ ಶುರುವಾಗ್ತದೆ, ಪ್ರತಿ ಸಲ ಅದೇ ಪ್ರಶ್ನೆ, ಹೇಳಿ ಹೇಳಿ ಮಂಡೆಬಿಸಿ ಆಗಿ ಒಮ್ಮೆ ಎಲ್ಲ ಬರೆದು ಹಾಕುವ ಅಂತ ಕೂತೆ. ನಾನು ಶೆಫ್ ಅಲ್ಲ, ಜಪಾನಿಗೆ ಹೋದವನೂ ಅಲ್ಲ, ಮೀನು ತಿಂದು ಬೆಳೆದ ಮಂಗಳೂರಿನವ, ಅಷ್ಟು ಅರ್ಹತೆ ಸಾಕು ಅಂದ್ಕೊಂಡಿದ್ದೇನೆ.

ಅಲ್ಲಿ ಹೋದ್ರೆ ಹಸಿ ಮೀನು ತಿನ್ಲೇಬೇಕಾ?

ಬೇಡ. ಇದು ನಂಬರ್ ಒನ್ ಪ್ರಶ್ನೆ. ದೊಡ್ಡಮ್ಮ ಇದನ್ನು ಮೂರು ಸಲ ಕೇಳಿದ್ರು, ಮೂರು ಸಲವೂ ಬೇಡ ಅಂತಲೇ ಹೇಳಿದೆ, ಆದ್ರೂ ಹೋಟ್ಲಿನ ಮೆಟ್ಟಿಲು ಹತ್ತುವಾಗ ಇನ್ನೊಮ್ಮೆ ಕೈ ಹಿಡಿದು ಕೇಳಿದ್ರು.

ಸುಶಿ ಅಂದ್ರೆ ಹಸಿ ಮೀನು ಅಂತ ಅರ್ಥವೇ ಅಲ್ಲ. ವಿನೆಗರ್, ಸಕ್ಕರೆ, ಉಪ್ಪು ಕಲಸಿದ ಅನ್ನ ಇದ್ರೆ ಅದು ಸುಶಿ, ಅದ್ರ ಮೇಲೆ ಮೀನೂ ಇರ್ಬಹುದು, ಸೌತೆಕಾಯಿಯೂ ಇರ್ಬಹುದು, ಆಮ್ಲೆಟ್ ತುಂಡೂ ಇರ್ಬಹುದು. ಅನ್ನ ಇಲ್ಲದೆ ಬರೀ ಹಸಿ ಮೀನಿನ ಹೋಳು ಕೊಟ್ರೆ ಅದು ಸಾಶಿಮಿ, ಅದು ಬೇರೆ. ಹಿಂದಿನ ಕಾಲದಲ್ಲಿ ಅವ್ರು ಉಪ್ಪು ಹಾಕಿದ ಮೀನನ್ನು ಅನ್ನದೊಳಗೆ ಒತ್ತಿ ತಿಂಗಳುಗಟ್ಟಲೆ ಇಡ್ತಿದ್ರು, ಅನ್ನ ಹುಳಿ ಬಂದು ಮೀನು ಕೆಡದೆ ಉಳೀತಿತ್ತು, ತಿನ್ನುವಾಗ ಅನ್ನ ಬಿಸಾಡಿ ಮೀನು ಮಾತ್ರ ತಿನ್ನುದು. ಬಿವಾ ಸರೋವರದ ಹತ್ರ ಈಗ್ಲೂ ಫುನಾಜುಶಿ ಅಂತ ಹೀಗೆ ಮಾಡ್ತಾರೆ. ಈಗ ಅನ್ನಕ್ಕೆ ವಿನೆಗರ್ ಹಾಕುದು ಆ ಹುಳಿಯದ್ದೇ ಶಾರ್ಟ್‌ಕಟ್ಟು. ಕೈಯಲ್ಲಿ ಒತ್ತಿ ಕೂಡ್ಲೇ ಕೊಡುವ ಈಗಿನ ಥರದ್ದು 1820ರ ಆಸುಪಾಸಿಗೆ ಎಡೋ ಊರಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ, ನಿಂತಲ್ಲೇ ತಿಂದು ಹೋಗುವ ಗಾಡಿ ತಿಂಡಿಯಾಗಿ ಜೋರಾದದ್ದು. ನಮ್ಮ ಗೋಳಿಬಜೆ ಹಾಗೆ ಅಂತ ಇಟ್ಕೊಳ್ಳಿ.

ಹಸಿ ಸಾಲ್ಮನ್ ಕಥೆ ಇನ್ನೂ ತಮಾಷೆ. ಜಪಾನಿನವ್ರೇ ಅದನ್ನು ಮೊದ್ಲು ಹಸಿ ತಿಂತಿರ್ಲಿಲ್ಲ, ಅವ್ರ ಕಡೆ ಹಿಡಿಯುವ ಸಾಲ್ಮನಲ್ಲಿ ಹುಳದ ಭಯ. 1980ರ ದಶಕದಲ್ಲಿ ನಾರ್ವೆಯವ್ರು ತಾವು ಸಾಕಿದ ಸಾಲ್ಮನ್ ಮಾರ್ಲಿಕ್ಕೆ ಅಂತ ಹಿಂದೆ ಬಿದ್ದು ಅಭ್ಯಾಸ ಮಾಡಿಸಿದ್ದು. ಹಾಗಾಗಿ ನಿಮ್ಮ ಟೇಬಲಲ್ಲಿ ಯಾರಾದ್ರೂ "ಇದು ಸಾವಿರ ವರ್ಷದ ಸಂಪ್ರದಾಯ, ಒಂದು ತುಂಡು ತಿನ್ಲೇಬೇಕು" ಅಂತ ಒತ್ತಾಯ ಮಾಡಿದ್ರೆ ಧೈರ್ಯದಲ್ಲಿ ಬೇಡ ಅನ್ನಿ. ಗರ್ಭಿಣಿಯರು ಹಸಿ ಮೀನಿನ ತಂಟೆಗೇ ಹೋಗ್ಬೇಡಿ, ಬೇಯಿಸಿದ್ದು ಬೇಕಾದಷ್ಟು ಉಂಟು.

ಹಾಗಾದ್ರೆ ಬಂದರಿನ ದಕ್ಕೆಯಿಂದ ಫ್ರೆಶ್ ಬಂಗುಡೆ ತಂದು ಮನೆಯಲ್ಲೇ ಸುಶಿ ಮಾಡ್ಬಹುದಲ್ಲ?

ಇದು ಭಾವನ ಐಡಿಯಾ. ದಯವಿಟ್ಟು ಬೇಡ. ಫ್ರೆಶ್ ಅಂದ್ರೆ ಹಸಿ ತಿನ್ಲಿಕ್ಕೆ ಆಗ್ತದೆ ಅಂತ ಅಲ್ಲ, ಸಮುದ್ರದ ಮೀನಿನ ಒಳಗೆ ಅನಿಸಾಕಿಸ್ ಅಂತ ಒಂದು ಸಣ್ಣ ಹುಳ ಇರ್ಬಹುದು, ಅದನ್ನು ಸಾಯಿಸ್ಲಿಕ್ಕೆ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡ್ಬೇಕು. ನಮ್ಮ ಮನೆ ಫ್ರಿಜ್ಜಿನ ಮೇಲಿನ ಡಬ್ಬ ಅಷ್ಟು ತಣ್ಣಗೆ ಒಂದೇ ಸಮ ನಿಲ್ಲುದಿಲ್ಲ, ಅದ್ರಲ್ಲೂ ಮಂಗಳೂರಿನ ಕರೆಂಟ್ ಹೋಗುವ ಚಂದಕ್ಕೆ. ಅದಲ್ಲದೆ ಬಂಗುಡೆ ಐಸಿಲ್ಲದೆ ಸ್ವಲ್ಪ ಹೊತ್ತು ಇದ್ರೂ ಅದ್ರಲ್ಲಿ ಹಿಸ್ಟಮಿನ್ ಆಗಿ ಮೈಯೆಲ್ಲ ಕೆಂಪಾಗಿ ತುರಿಸ್ತದೆ, ಅದು ಬೇಯಿಸಿದ್ರೂ ಹೋಗುದಿಲ್ಲ. ಜಪಾನಿನವ್ರು ಅವ್ರ ಬಂಗುಡೆಯನ್ನು, ಸಾಬಾ ಅಂತಾರೆ, ಹೆಚ್ಚಾಗಿ ಉಪ್ಪು ಹಾಕಿಟ್ಟು ವಿನೆಗರಲ್ಲಿ ನೆನೆಸಿಯೇ ಸುಶಿಗೆ ಹಾಕುದು. ಬಂಗುಡೆ ಬಂದ್ರೆ ಪುಳಿಮುಂಚಿ ಮಾಡಿ, ಅದಕ್ಕಿಂತ ಒಳ್ಳೆ ಗತಿ ಆ ಮೀನಿಗೆ ಬೇರೆ ಇಲ್ಲ.

ಹೋಟ್ಲಲ್ಲಿ ಸುಶಿಗೆ ಬರುವ ಸಾಲ್ಮನ್, ಟ್ಯೂನಾ ಎಲ್ಲ ಹೆಚ್ಚಾಗಿ ಫ್ರೀಝ್ ಆಗಿಯೇ ಬರುದು, ಅದು ಕಳಪೆ ಅಂತ ಅಲ್ಲ, ಅದೇ ಸೇಫ್ಟಿ. ಕೇಳುದಕ್ಕೆ ನಾಚ್ಕೊಳ್ಬೇಡಿ, "ಮೀನು ಹೇಗೆ ಬರ್ತದೆ, ಇವತ್ತು ಯಾವಾಗ ಐಸ್ ಬಿಡಿಸಿದ್ರಿ" ಅಂತ. ಸರಿಯಾದ ಅಡುಗೆಯವ ಖುಷಿಯಲ್ಲಿ ಹೇಳ್ತಾನೆ.

ಪ್ಯೂರ್ ವೆಜ್‌ನವ್ರನ್ನು ಕರ್ಕೊಂಡು ಹೋಗ್ಬಹುದಾ?

ಹೋಗ್ಬಹುದು, ಆದ್ರೆ ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದ್ರೆ ನಾನು ಒಮ್ಮೆ ಎಡವಿದ್ದೇನೆ.

ಕಳೆದ ವರ್ಷ ಉಡುಪಿಯ ನನ್ನ ಫ್ರೆಂಡು, ಅವನ ಅಮ್ಮ ನಮ್ಮ ಜೊತೆ ಬಂದಿದ್ರು. ಆಂಟಿ ಅಂದ್ರೆ ಮೊಟ್ಟೆಯೂ ಇಲ್ಲದ ವೆಜ್ಜು. ಮೆನುವಿನಲ್ಲಿ ಮಿಸೋ ಸೂಪ್, ಅಂದ್ರೆ ಹುಳಿ ಬರಿಸಿದ ಸೋಯಾ ಪೇಸ್ಟಿನ ಸೂಪ್, ಅದ್ರ ಪಕ್ಕ ಹಸಿರು ಚುಕ್ಕೆ ಇತ್ತು, ಒಳಗೆ ತೋಫು, ಈರುಳ್ಳಿ ಎಲೆ, ಕಡಲ ಸೊಪ್ಪು, ನೋಡ್ಲಿಕ್ಕೆ ತೊವ್ವೆ ನೀರಿನ ಹಾಗೆ ಪಾಪದ್ದು. ಆಂಟಿ ಎರಡು ಚಮಚ ಕುಡಿದಾಗಿತ್ತು, ನಂಗೆ ಎಂತದೋ ಡೌಟ್ ಬಂದು ಬಡಿಸುವ ಹುಡುಗನನ್ನು ಕರ್ದು ದಾಶಿ ಎಂತದ್ರಿಂದ ಮಾಡಿದ್ದು ಅಂತ ಕೇಳಿದೆ. ಒಳಗೆ ಹೋಗಿ ಬಂದು ಹೇಳಿದ, "ಮೀನಿಲ್ಲ ಸರ್, ಮೀನಿನ ಪೌಡರ್ ಮಾತ್ರ." ಆಂಟಿ ಎಂತ ಹೇಳ್ಲಿಲ್ಲ, ಚಮಚ ಮೆಲ್ಲ ಪಕ್ಕಕ್ಕಿಟ್ಟು ಒಂದು ಗ್ಲಾಸು ನೀರು ಕುಡಿದ್ರು. ಎರಡು ಬೈದಿದ್ರೆ ನಂಗೆ ಸಮಾಧಾನ ಆಗ್ತಿತ್ತು.

ದಾಶಿ ಅಂದ್ರೆ ಅವ್ರ ಅಡುಗೆಯ ಬುಡ. ಕೊಂಬು ಅಂತ ದಪ್ಪದ ಕಡಲ ಸೊಪ್ಪು, ಅದ್ರ ಜೊತೆ ಕತ್ಸುಬುಶಿ ಅಂತ ಒಣಗಿಸಿ ಹೊಗೆ ಕೊಟ್ಟ ಮೀನಿನ ತುರಿ, ಇವೆರಡನ್ನು ನೀರಲ್ಲಿ ಬಿಟ್ಟು ಸೋಸಿ ತೆಗೆದ ರಸ. ಸೋಸಿದ ಮೇಲೆ ಮೀನು ಕಾಣುದಿಲ್ಲ, ಹಾಗಾಗಿ ಅಡುಗೆಯವ್ರಿಗೂ ಅದು ಮೀನು ಅಂತ ನೆನಪಿರುದಿಲ್ಲ. ಇದು ಮಿಸೋ ಸೂಪಲ್ಲಿ ಉಂಟು, ಉಡೊನ್ ಅಂತ ದಪ್ಪ ನೂಡಲ್ಸಿನ ಸಾರಲ್ಲಿ ಉಂಟು, ಟೆಂಪುರಾ, ಅಂದ್ರೆ ಹಿಟ್ಟಲ್ಲಿ ಅದ್ದಿ ಕರಿದದ್ದು, ಅದಕ್ಕೆ ಅದ್ದಿಕೊಳ್ಳುವ ಸಾಸಲ್ಲಿ ಉಂಟು, ಅಗೆದಾಶಿ ತೋಫು ಅಂತ ಹೆಸ್ರಲ್ಲೇ ತೋಫು ಇರುವ ಐಟಮ್ಮಲ್ಲೂ ಉಂಟು. ಸಿಹಿ ತೋಫು ಚೀಲದೊಳಗೆ ಅನ್ನ ತುಂಬ್ಸುವ ಇನಾರಿಯ ಚೀಲವನ್ನೂ ಎಷ್ಟೋ ಕಡೆ ದಾಶಿಯಲ್ಲೇ ಬೇಯಿಸುದು. ಟೆಂಪುರಾ ಹಿಟ್ಟಿಗೆ ಮೊಟ್ಟೆ ಹಾಕುವವ್ರೂ ಇದ್ದಾರೆ.

ಹಾಗಾಗಿ "ವೆಜ್ಜಾ?" ಅಂತ ಕೇಳಿದ್ರೆ ಸಾಲುದಿಲ್ಲ, "ದಾಶಿ ಎಂತದ್ರದ್ದು, ಬರೀ ಕೊಂಬು ಅಥವಾ ಶಿಟಾಕೆ ಅಣಬೆಯಲ್ಲಿ ಮಾಡಿ ಕೊಡ್ತೀರಾ?" ಅಂತಲೇ ಕೇಳ್ಬೇಕು. ಟೇಬಲ್ ಬುಕ್ ಮಾಡುವಾಗಲೇ ಹೇಳಿದ್ರೆ ಇನ್ನೂ ಒಳ್ಳೇದು, ರಾತ್ರಿ ಒಂಬತ್ತೂವರೆಗೆ ರಶ್ಶಲ್ಲಿ ಯಾರೂ ಹೊಸ ದಾಶಿ ಇಡುದಿಲ್ಲ. ತಲೆಬಿಸಿ ಇಲ್ಲದ್ದು ಅಂದ್ರೆ ಸೌತೆಕಾಯಿಯ ಕಪ್ಪಾ ಮಾಕಿ, ಬೆಣ್ಣೆಹಣ್ಣಿನ ರೋಲು, ಮತ್ತೆ ಎಡಮಾಮೆ, ಅಂದ್ರೆ ಎಳೆ ಸೋಯಾ ಕೋಡನ್ನು ಬೇಯಿಸಿ ಉಪ್ಪು ಹಾಕಿದ್ದು. ಎಡಮಾಮೆಯ ಸಿಪ್ಪೆ ತಿನ್ಲಿಕ್ಕಿಲ್ಲ, ಒಳಗಿನ ಬೀಜ ಮಾತ್ರ. ನಮ್ಮ ಅಪ್ಪ ನಾಲ್ಕು ಕೋಡು ಸಿಪ್ಪೆ ಸಮೇತ ಜಗಿದು "ಈ ಅಲಸಂಡೆ ಬೆಳೆದದ್ದು ಜಾಸ್ತಿಯಾಗಿದೆ" ಅಂದ್ರು.

ಜಪಾನಲ್ಲಿ ವೆಜ್ಜೇ ಇಲ್ಲ ಅಂತಲ್ಲ ಮತ್ತೆ. ಬೌದ್ಧ ಮಠಗಳಲ್ಲಿ ಶೋಜಿನ್ ರ್‍ಯೋರಿ ಅಂತ ಒಂದು ಅಡುಗೆ ಉಂಟು, ಮೀನಿಲ್ಲ, ಮಾಂಸ ಇಲ್ಲ, ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಡೋಗೆನ್ ಅಂತ ಒಬ್ಬ ಝೆನ್ ಗುರು 1237ರಲ್ಲೇ ಮಠದ ಅಡುಗೆಯವ ಹೇಗಿರ್ಬೇಕು ಅಂತ ಬರೆದಿಟ್ಟಿದ್ದಾರೆ. ಇದನ್ನು ಆಂಟಿಗೆ ಆಮೇಲೆ ಹೇಳಿದೆ, "ಹಾಗಾದ್ರೆ ಅವ್ರ ಮಠಕ್ಕೇ ಹೋಗುವ, ಹೋಟ್ಲು ಬೇಡ" ಅಂದ್ರು.

ಪೋರ್ಕ್ ಇರ್ತದಾ? ನಮ್ಮ ಬ್ಯಾರಿ (ಮುಸ್ಲಿಂ) ಫ್ರೆಂಡ್ಸಿಗೆ ಎಂತ ಹೇಳುದು?

ರಾಮೆನ್ ಅಂದ್ರೆ ಸಾರಲ್ಲಿ ಬರುವ ನೂಡಲ್ಸು, ಅದ್ರಲ್ಲಿ ಟೊಂಕೊತ್ಸು ಅಂತ ಬರೆದಿದ್ರೆ ಆ ಬಿಳಿ ದಪ್ಪ ಸಾರು ಹಂದಿ ಎಲುಬನ್ನು ಗಂಟೆಗಟ್ಟಲೆ ಕುದಿಸಿ ಮಾಡಿದ್ದು, ಮೇಲೆ ಚಿಕನ್ ಇಟ್ಟು ಕೊಟ್ರೂ ಸಾರು ಅದೇ. ಟೊಂಕತ್ಸು ಅಂದ್ರೂ ಹಂದಿಯದ್ದೇ, ಹೆಸ್ರು ಒಂದೇ ಥರ ಕೇಳ್ತದೆ, ಇದು ಕರಿದ ಕಟ್ಲೆಟ್ಟು. ಗ್ಯೋಝಾ ಅಂತ ಮೊಮೊ ಥರದ್ದು ಉಂಟು, ಅದ್ರ ಒಳಗೂ ನೋಡಿ ಕೇಳಿ. ಇದೆಲ್ಲ ಎಲ್ರಿಗೂ ಗೊತ್ತಿರ್ತದೆ, ಗೊತ್ತಿಲ್ಲದ್ದು ಮಿರಿನ್. ಅದು ಅಡುಗೆಗೆ ಹಾಕುವ ಸಿಹಿ ಅಕ್ಕಿ ವೈನು, ಟೆರಿಯಾಕಿ ಅಂತ ಸಿಹಿ ಸೋಯಾ ಸಾಸಿನ ಹೊಳಪು ಅದ್ರದ್ದೇ, ಕೆಲವ್ರು ಸುಶಿ ಅನ್ನಕ್ಕೂ ಹಾಕ್ತಾರೆ. ಚಿಕನ್ ಹಲಾಲ್ ಅಂತ ಬೋರ್ಡ್ ಇದ್ರೂ ಮಿರಿನ್ ಮತ್ತು ಸಾಕೆ (ಅಕ್ಕಿಯ ಮದ್ಯ) ಬಗ್ಗೆ ಬೇರೆಯೇ ಕೇಳ್ಬೇಕು. ನನ್ನ ಬ್ಯಾರಿ ಫ್ರೆಂಡು ಈಗ ಕೇಳುದೇ ಇಲ್ಲ, ಸೀಗಡಿ ಟೆಂಪುರಾ, ಸಾಲ್ಟ್ ಹಾಕಿ ಗ್ರಿಲ್ ಮಾಡಿದ ಮೀನು, ಮುಗೀತು.

ಫಸ್ಟ್ ಟೈಮ್ ಬರುವವ್ರಿಗೆ ಎಂತ ಆರ್ಡರ್ ಮಾಡುದು?

ನನ್ನ ರೂಲ್ ಒಂದೇ, ಫೋಟೋದಲ್ಲಿ ಚಂದ ಕಾಣುದ್ರಿಂದ ಶುರು ಮಾಡ್ಬೇಡಿ, ನಾಲಗೆಗೆ ಮೊದ್ಲೇ ಪರಿಚಯ ಇರುದ್ರಿಂದ ಶುರು ಮಾಡಿ. ನಾವು ಕರಾವಳಿಯವ್ರು, ಅನ್ನ ಮೀನು ಹುಳಿ ಕಡಲು ಎಲ್ಲ ನಮ್ಮಲ್ಲೂ ಉಂಟು, ದೆಹಲಿಯವ್ರಿಗಿಂತ ನಮ್ಗೆ ಈ ಊಟ ಹತ್ರ.

ಮೊದ್ಲು ಟೆಂಪುರಾ. ಕಾಣೆ ರವಾ ಫ್ರೈ ತಿಂದವ್ರಿಗೆ ಟೆಂಪುರಾ ಹೊಸತಲ್ಲ, ಜಪಾನಲ್ಲಿ ನಮ್ಮ ಕಾಣೆಯ ಹತ್ತಿರದ ನೆಂಟ ಕಿಸು ಅಂತ ಒಂದು ಮೀನುಂಟು, ಅದ್ರ ಟೆಂಪುರಾ ಅಲ್ಲಿ ಭಾರೀ ಫೇಮಸ್ಸು. ಇಲ್ಲಿ ಹೆಚ್ಚಾಗಿ ಸೀಗಡಿ ಅಥವಾ ಬೊಂಡಾಸ್ (ಸ್ಕ್ವಿಡ್) ಸಿಗ್ತದೆ. ಐಸ್ ನೀರಲ್ಲಿ ಹಿಟ್ಟು ಅರ್ಧಂಬರ್ಧ ಕಲಸಿ, ಗಂಟು ಗಂಟಿದ್ರೂ ಬಿಟ್ಟು ಕರಿಯುದು, ಜಾಸ್ತಿ ಕಲಸಿದ್ರೆ ಅಂಟು ಬಂದು ದಪ್ಪ ಆಗ್ತದೆ. ನಮ್ಮ ಅಮ್ಮನಿಗೆ ಇದು ಇಷ್ಟ ಆಗ್ಲಿಲ್ಲ, ಖಾರ ಎಲ್ಲಿ ಅಂತ. ಖಾರ ಇಲ್ಲ ಅಮ್ಮ, ಮೀನಿನ ರುಚಿ ಗೊತ್ತಾಗ್ಲಿಕ್ಕೆ ಹಾಗೆ ಅಂದ್ರೆ, "ಮೀನಿನ ರುಚಿ ನಂಗೆ ಗೊತ್ತುಂಟು" ಅಂದ್ರು. ಹೀಗೆ ಹಿಟ್ಟಲ್ಲಿ ಅದ್ದಿ ಕರಿಯುದನ್ನು ಜಪಾನಿಗೆ ಕಲ್ಸಿದ್ದು ಹದಿನಾರನೇ ಶತಮಾನದಲ್ಲಿ ಬಂದ ಪೋರ್ಚುಗೀಸರು, ಅದೇ ಜನ ನಮ್ಮ ಕಡೆಗೆ ಮೆಣಸು, ಗೇರು, ಅನಾನಸು ತಂದದ್ದು. ಬ್ರೆಡ್ಡಿಗೆ ಜಪಾನೀಸಲ್ಲಿ ಪಾನ್ ಅಂತಾರೆ, ನಮ್ಮ ಕೊಂಕಣಿಯವ್ರು ಪಾವ್ ಅಂತಾರೆ, ಎರಡೂ ಒಂದೇ ಪೋರ್ಚುಗೀಸ್ ಶಬ್ದ. ಇದನ್ನು ಟೇಬಲಲ್ಲಿ ಹೇಳಿದ್ರೆ ಸ್ಟಾರ್ಟರ್ ಬರುವ ತನಕ ಟೈಮ್ ಪಾಸ್ ಆಗ್ತದೆ.

ಆಮೇಲೆ ಒಂದು ಕತ್ಸು ಕರಿ. ಕತ್ಸು ಅಂದ್ರೆ ಕಟ್ಲೆಟ್ ಶಬ್ದವೇ ಜಪಾನಿ ಬಾಯಲ್ಲಿ ತುಂಡಾದದ್ದು, ಕರಿ ಅವ್ರಿಗೆ ಬಂದದ್ದು ಬ್ರಿಟಿಷರ ಮೂಲಕ, ಅಂದ್ರೆ ನಮ್ಮದ್ದೇ ಸುತ್ತಿ ಬಳಸಿ ಹೋದದ್ದು. ಸ್ವಲ್ಪ ಸಿಹಿ, ಮೈದಾ ಹುರಿದು ಹಾಕಿದ್ರಿಂದ ದಪ್ಪ, ನಮ್ಮ ಗಸಿಯ ಹತ್ರ ನಿಲ್ಲುದಿಲ್ಲ, ಆದ್ರೆ ಅಂಜಿಕೊಂಡು ಬಂದವ್ರಿಗೆ ಧೈರ್ಯ ಕೊಡ್ತದೆ. ಕೊನೆಗೆ ಒಂದು ಪ್ಲೇಟ್ ಸುಶಿ ಮಧ್ಯದಲ್ಲಿಟ್ಟು ಬೇಕಾದವ್ರು ಒಂದೊಂದು ತೆಗೊಳ್ಳಿ.

ಕ್ರ್ಯಾಬ್ ಸ್ಟಿಕ್ ಅಂತ ಕೆಂಪು ಬಿಳಿ ಕಡ್ಡಿ ಇರ್ತದಲ್ಲ, ಅದು ಏಡಿ ಅಲ್ಲ. ಮೀನನ್ನು ತೊಳೆದು ಅರೆದು ಮಾಡಿದ ಸುರಿಮಿ. ನಮ್ಮ ಪಶ್ಚಿಮ ಕರಾವಳಿಯ ಮದ್ಮಾಲ್ ಮೀನು, ಮಾರ್ಕೆಟಲ್ಲಿ ಪಿಂಕ್ ಪರ್ಚ್ ಅಂತಾರಲ್ಲ ಅದು, ಸುರಿಮಿಗೆ ಹೋಗ್ತದೆ. ಏಡಿ ಅಲರ್ಜಿ ಇದ್ದವ್ರು ಇದೂ ಬಿಟ್ಟುಬಿಡಿ, ಪರಿಮಳಕ್ಕೆ ಏಡಿ ರಸ ಹಾಕಿರ್ತಾರೆ.

ಆ ಹಸಿರು ಚಟ್ನಿ ಎಂತದು?

ಚಟ್ನಿ ಅಲ್ಲ ಮಾರಾಯ್ರೆ, ವಸಾಬಿ. ಭಾವ ಪುದೀನ ಚಟ್ನಿ ಅಂತ ಒಂದು ಚಮಚ ಬಾಯಿಗೆ ಹಾಕಿ ಕಣ್ಣಲ್ಲಿ ನೀರು ಸುರಿಸಿ, ಐದು ನಿಮಿಷ ಯಾರ ಜೊತೆಗೂ ಮಾತಾಡ್ಲಿಲ್ಲ. ಮೆಣಸಿನ ಖಾರ ನಾಲಗೆಯಲ್ಲಿ ಕೂತ್ಕೊಳ್ತದೆ, ಇದು ಸಾಸಿವೆ ಅರೆದಾಗ ಬರುವ ಹಾಗೆ ಸೀದಾ ಮೂಗಿಗೆ ಹೋಗುದು, ಎರಡ್ರಲ್ಲೂ ಇರುದು ಒಂದೇ ಜಾತಿಯ ಘಾಟು. ನೀರು ಕುಡಿದ್ರೆ ಪ್ರಯೋಜನ ಇಲ್ಲ, ಮೂಗಲ್ಲಿ ಮೆಲ್ಲ ಉಸಿರು ಬಿಟ್ರೆ ಒಂದು ನಿಮಿಷದಲ್ಲಿ ಹೋಗ್ತದೆ. ಕಡಲೆ ಬೀಜದ ಅರ್ಧದಷ್ಟು ಸಾಕು. ಅಸಲಿ ವಸಾಬಿ ತಣ್ಣಗೆ ಹರಿಯುವ ನೀರಲ್ಲಿ ಬೆಳೆಯುವ ಗಡ್ಡೆ, ಭಾರೀ ರೇಟು, ಹಾಗಾಗಿ ನಮ್ಮ ತಟ್ಟೆಗೆ ಬರುದು ಹೆಚ್ಚಾಗಿ ಹಾರ್ಸ್‌ರ್‍ಯಾಡಿಶ್ ಅಂತ ಬೇರೆ ಒಂದು ಗಡ್ಡೆಗೆ ಹಸಿರು ಬಣ್ಣ ಹಾಕಿದ್ದು.

ಪಕ್ಕದಲ್ಲಿ ಗುಲಾಬಿ ಬಣ್ಣದ ಎಲೆ ಹಾಗಿರುದು ಶುಂಠಿ ಉಪ್ಪಿನಕಾಯಿ, ಒಂದು ಸುಶಿಯಿಂದ ಇನ್ನೊಂದಕ್ಕೆ ಹೋಗುವ ಮಧ್ಯ ಬಾಯಿ ಕ್ಲೀನ್ ಮಾಡ್ಲಿಕ್ಕೆ. ಅನ್ನಕ್ಕೆ ಕಲಸುದಲ್ಲ. ಆದ್ರೆ ನಮ್ಮ ಅಜ್ಜಿ ಕಲಸಿದ್ರು, ಚೆನ್ನಾಗಿತ್ತಂತೆ.

ಕಡ್ಡಿಯಲ್ಲೇ (ಚಾಪ್‌ಸ್ಟಿಕ್) ತಿನ್ಬೇಕಾ, ಕೈಯಲ್ಲಿ ತಿಂದ್ರೆ ನಾಚಿಕೆಯಾ?

ಸುಶಿ ಕೈಯಲ್ಲಿ ತಿನ್ನುದು ಅವ್ರಲ್ಲೂ ನಡೀತದೆ, ಹಳೆಯ ಕ್ರಮವೇ ಅದು. ತಿರುಗಿಸಿ ಮೀನಿನ ಬದಿ ಮಾತ್ರ ಸೋಯಾ ಸಾಸಿಗೆ ತಾಗಿಸಿ, ಅನ್ನದ ಬದಿ ಮುಳುಗ್ಸಿದ್ರೆ ಪುಡಿಯಾಗಿ ಬಟ್ಟಲಲ್ಲಿ ಗಂಜಿ ಆಗ್ತದೆ. ಮಿಸೋ ಸೂಪ್ ಬಟ್ಟಲನ್ನು ಕೈಯಲ್ಲಿ ಎತ್ತಿ ಕುಡೀಬಹುದು. ಉಳಿದದ್ದಕ್ಕೆ ಫೋರ್ಕ್ ಕೇಳಿ, ಯಾರೂ ನಿಮ್ಮನ್ನು ನೋಡ್ತಾ ಕೂತಿರುದಿಲ್ಲ.

ಎರಡು ವಿಷಯ ಮಾತ್ರ ಮಕ್ಕಳಿಗೆ ಮೊದ್ಲೇ ಹೇಳಿಡಿ. ಅನ್ನದ ಮಧ್ಯ ಕಡ್ಡಿ ನೆಟ್ಟಗೆ ಊರಿ ನಿಲ್ಸ್‌ಬಾರ್ದು, ಅವ್ರಲ್ಲಿ ಸತ್ತವ್ರಿಗೆ ಅನ್ನ ಇಡುದು ಹಾಗೆ. ಮತ್ತೆ ಒಬ್ಬನ ಕಡ್ಡಿಯಿಂದ ಇನ್ನೊಬ್ಬನ ಕಡ್ಡಿಗೆ ತುಂಡು ದಾಟಿಸ್ಬಾರ್ದು, ದಹನ ಆದ್ಮೇಲೆ ಎಲುಬು ಆರಿಸುವ ಕ್ರಮ ಅದು. ನಾನು ಹೇಳಿದ ಕೂಡ್ಲೇ ಅಜ್ಜಿಗೆ ಅರ್ಥ ಆಯ್ತು, ಸ್ಮಶಾನದ ಕ್ರಮ ಊಟದ ಎಲೆಗೆ ತರ್ಬಾರ್ದು ಅಂತ ನಮ್ಮಲ್ಲೂ ಉಂಟಲ್ಲ. ಅಕ್ಕನ ಮಗನಿಗೆ ಮಾತ್ರ ಈಗ ಕಡ್ಡಿ ಕಂಡ್ರೆ ಹೆದ್ರಿಕೆ.

ಮೊದ್ಲಿಗೆ ಒಂದು ಬಿಸಿ ಟವೆಲ್ ಕೊಡ್ತಾರೆ, ಅದು ಕೈ ಒರೆಸ್ಲಿಕ್ಕೆ. ಮಾವ ಅದ್ರಲ್ಲಿ ಮುಖ, ಕುತ್ತಿಗೆ, ಕನ್ನಡಕ ಎಲ್ಲ ಒರೆಸಿ ಇನ್ನೊಂದು ಕೇಳಿದ್ರು.

ವಯಸ್ಸಾದವ್ರಿಗೆ ಇದೆಲ್ಲ ಹಿಡಿಸ್ತದಾ?

ನಂಗೂ ಡೌಟಿತ್ತು. ಎಂಬತ್ತು ದಾಟಿದ ಅಜ್ಜಿ, ದಿನಾ ಕುಚ್ಚಲಕ್ಕಿ ಗಂಜಿ ಮಿಡಿ ಉಪ್ಪಿನಕಾಯಿಯವ್ರು. ಅವ್ರಿಗೆ ಸುಲಭ ಆಗ್ಲಿ ಅಂತ ಒಕೊನೊಮಿಯಾಕಿ ಹೇಳಿದ್ದೆ, ಕ್ಯಾಬೇಜ್ ಹಾಕಿದ ದಪ್ಪ ದೋಸೆ ಅಂತ ಇಟ್ಕೊಳ್ಳಿ. ತಂದು ಇಟ್ರು, ಮೇಲೆ ಕತ್ಸುಬುಶಿ ತುರಿ ಉದುರ್ಸಿದ್ದಾರೆ, ಪೆನ್ಸಿಲ್ ಶಾರ್ಪ್ ಮಾಡಿದ್ರೆ ಬರುವ ಹಾಗೆ ತೆಳು, ಕೆಳಗಿನ ಬಿಸಿ ಹೊಗೆಗೆ ಆ ತುರಿಯೆಲ್ಲ ಮಡಚಿ ಬಿಚ್ಚಿ ಕುಣೀತಾ ಉಂಟು. ಅಜ್ಜಿ ಕನ್ನಡಕ ಮೇಲೆ ಮಾಡಿ ಬಗ್ಗಿ ನೋಡಿದ್ರು, ಕೈ ಹಿಂದೆ ತೆಗೊಂಡ್ರು. "ಇದಕ್ಕೆ ಇನ್ನೂ ಜೀವ ಉಂಟಲ್ಲ ಮಗಾ." ಇಡೀ ಟೇಬಲ್ ನಕ್ಕಿತು, ಅಜ್ಜಿ ನಗ್ಲಿಲ್ಲ, ಕುಣಿತ ನಿಲ್ಲುವ ತನಕ ಕಾದು, ಆಮೇಲೆ ಒಂದು ತುರಿ ತೆಗ್ದು ಮೂಸಿ ನೋಡಿ, ಬಾಯಿಗೆ ಹಾಕಿ ಹೇಳಿದ್ರು, "ಇದು ಒಣಮೀನು."

ಕರೆಕ್ಟು. ಸ್ಕಿಪ್‌ಜ್ಯಾಕ್ ಟ್ಯೂನಾವನ್ನು ಬೇಯಿಸಿ, ಹೊಗೆ ಕೊಟ್ಟು, ಮರದ ತುಂಡಿನ ಹಾಗೆ ಗಟ್ಟಿ ಆಗುವ ತನಕ ಒಣಗಿಸಿದ್ದು. ನಮ್ಮ ಎದುರಿನ ಲಕ್ಷದ್ವೀಪದ ಮಿನಿಕಾಯಲ್ಲಿ ಮಾಸ್ ಮೀನು ಅಂತ ಅದೇ ಮೀನನ್ನು ಹೆಚ್ಚುಕಮ್ಮಿ ಅದೇ ಥರ ಮಾಡ್ತಾರೆ. ನಾನು ಗೂಗಲ್ ಮಾಡಿ ತಿಳ್ಕೊಂಡದ್ದನ್ನು ಅಜ್ಜಿ ಮೂಗಲ್ಲಿ ಕಂಡುಹಿಡಿದ್ರು. ಅವತ್ತಿನಿಂದ ನಾನು ವಯಸ್ಸಾದವ್ರಿಗೆ ಅಂತ ಸಪ್ಪೆ ಐಟಮ್ ಹುಡ್ಕುದು ಬಿಟ್ಟೆ. ಒಣಮೀನು, ಎಟ್ಟಿ (ಸೀಗಡಿ) ಚಟ್ನಿ, ಮಿಡಿ ಉಪ್ಪಿನಕಾಯಿ ತಿಂದ ನಾಲಗೆ ಅದು, ಮಿಸೋ, ಒಣಮೀನು, ಕಡಲ ಸೊಪ್ಪು ಎಲ್ಲ ಬೇಗ ಹಿಡಿಸ್ತದೆ, ಮಯೋನೀಸ್ ಸುರಿದ ರೋಲು ಹಿಡಿಸುದು ನಮ್ಮಂಥವ್ರಿಗೆ. ಬಿಪಿ ಇದ್ದವ್ರಿಗೆ ಮಾತ್ರ ಸೋಯಾ ಸಾಸು, ಮಿಸೋ, ರಾಮೆನ್ ಸಾರು ಕಮ್ಮಿ ಕೊಡಿ, ಉಪ್ಪು ತುಂಬ.

ರಾಮೆನ್ ಅಂದ್ರೆ ಮ್ಯಾಗಿಯಾ?

ಮ್ಯಾಗಿ ಥರದ್ದಕ್ಕೆ ಅಜ್ಜ ಅನ್ನಿ. ಪ್ಯಾಕೆಟ್ ನೂಡಲ್ಸನ್ನು 1958ರಲ್ಲಿ ಮೊಮೊಫುಕು ಆಂಡೋ ಅಂತ ಜಪಾನಿನವ್ರು ರಾಮೆನನ್ನೇ ಎಣ್ಣೆಯಲ್ಲಿ ಕರಿದು ಒಣಗಿಸಿ ಮಾಡಿದ್ದು. ಹೋಟ್ಲಲ್ಲಿ ಕೊಡುದ್ರ ದುಡ್ಡು ನೂಡಲ್ಸಿಗಲ್ಲ, ಸಾರಿಗೆ. ಬಂದ ಕೂಡ್ಲೇ ತಿನ್ಬೇಕು, ಫೋಟೋ ತೆಗೀತಾ ಕೂತ್ರೆ ನೂಡಲ್ಸ್ ಉಬ್ಬಿ ಸಾರೆಲ್ಲ ಕುಡೀತದೆ. ಸೊರ್ ಅಂತ ಶಬ್ದ ಮಾಡಿ ಎಳ್ಕೊಂಡು ತಿಂದ್ರೆ ತಪ್ಪಲ್ಲ, ಸಾರು ಅನ್ನ ಸೊರ್ ಅನ್ನಿಸಿ ಉಂಡು ಬೈಸಿಕೊಂಡ ಎಲ್ರೂ ಇಲ್ಲಿ ಸೇಡು ತೀರಿಸ್ಕೊಳ್ಬಹುದು.

ಅಂದ ಹಾಗೆ ಆ ಸಾರಿನ ರುಚಿಗೆ ಉಮಾಮಿ ಅಂತ ಹೆಸ್ರಿಟ್ಟದ್ದು ಕಿಕುನಾಯೆ ಇಕೆಡಾ ಅಂತ ಒಬ್ರು ಕೆಮಿಸ್ಟ್ರಿ ಪ್ರೊಫೆಸರು, 1908ರಲ್ಲಿ, ಕೊಂಬು ಸೊಪ್ಪಿನ ಸಾರಿಂದ ಗ್ಲುಟಮೇಟ್ ತೆಗ್ದು. ಮುಂದಿನ ವರ್ಷ ಅದನ್ನೇ ಪುಡಿ ಮಾಡಿ ಮಾರ್ಲಿಕ್ಕೆ ಶುರು ಮಾಡಿದ್ರು, ಅದೇ ನಮ್ಮ ಗೋಬಿ ಮಂಚೂರಿ ಗಾಡಿಯ ಅಜಿನೊಮೊಟೊ. ಹಾಗಾಗಿ "ನಂಗೆ ಜಪಾನೀಸ್ ಗೊತ್ತೇ ಇಲ್ಲ" ಅನ್ನುವ ಮಂಗಳೂರಿನವ ಸುಳ್ಳು ಹೇಳ್ತಿದ್ದಾನೆ.

ಯಾವ ದಿನ, ಎಷ್ಟೊತ್ತಿಗೆ ಹೋಗುದು?

ಮೊದ್ಲು ಕ್ಯಾಲೆಂಡರ್ ನೋಡಿ. ಒಮ್ಮೆ ಟೇಬಲ್ ಎಲ್ಲ ಬುಕ್ ಮಾಡಿ ಆದ್ಮೇಲೆ ದೊಡ್ಡಮ್ಮ ಫೋನ್ ಮಾಡಿ "ನಾಳೆ ಸಂಕ್ರಮಣ ಅಲ್ವಾ" ಅಂದ್ರು, ಎಂಟು ಜನರಲ್ಲಿ ಐದು ಜನ ಮೀನು ಮುಟ್ಟುದಿಲ್ಲ. ಒಬ್ರು ಸೋಮವಾರ ಇಲ್ಲ, ಇನ್ನೊಬ್ರು ಶನಿವಾರ ಇಲ್ಲ, ನಮ್ಮಲ್ಲಿ ಎಲ್ರೂ ಫ್ರೀ ಇರುದು ಬುಧವಾರ ಮತ್ತೆ ಭಾನುವಾರ ಮಾತ್ರ. ಜೂನ್ 1ರಿಂದ ಜುಲೈ 31ರ ತನಕ ಬೋಟು ಇಳಿಯುದಿಲ್ಲ, ಆಗ ಲೋಕಲ್ ಸೀಗಡಿ ಬೊಂಡಾಸ್ ಮೇಲೆ ಜಾಸ್ತಿ ಆಸೆ ಇಟ್ಕೊಳ್ಬೇಡಿ.

ಟೈಮು ಎಂಟೂಕಾಲು ಬೆಸ್ಟು. ಒಂಬತ್ತೂವರೆಗೆ ಹೋದ್ರೆ ಸುಶಿ ಅನ್ನ ಮುಗಿದಿರ್ತದೆ, ಇಲ್ಲಾ ಗಟ್ಟಿ ಆಗಿರ್ತದೆ, ಅದು ಕೈ ಬಿಸಿಯಷ್ಟೇ ಬಿಸಿ ಇದ್ರೆ ಮಾತ್ರ ಚಂದ. ಲೇಟಾಗಿ ಹೋಗುದೇ ಆದ್ರೆ ಫೋನ್ ಮಾಡಿ ಲಾಸ್ಟ್ ಆರ್ಡರ್ ಎಷ್ಟೊತ್ತಿಗೆ ಕೇಳಿ, ಹೋದ ಮೇಲೆ ಸುಶಿ ಆಸೆ ಬಿಟ್ಟು ಬಿಸಿ ಬಿಸಿ ಸಾರಿನದ್ದು, ಕರಿದದ್ದು ಹೇಳಿ. ವಾಪಸ್ ಬರುವಾಗ ಸಿಟಿ ಬಸ್ ನಂಬ್ಬೇಡಿ, ರಾತ್ರಿ ಹತ್ತು ದಾಟಿದ್ರೆ ಆಟೋದವ್ರು ಒಂದೂವರೆ ಬಾಡಿಗೆ. ಸಾಕೆ ಕುಡಿಯುವವ್ರಿದ್ರೆ ನೋಡ್ಲಿಕ್ಕೆ ನೀರಿನ ಹಾಗಿದ್ರೂ ವೈನಿಗಿಂತ ಸ್ವಲ್ಪ ಜೋರೇ ಉಂಟು, ಗಾಡಿ ಕೀ ಬೇರೆಯವ್ರ ಕೈಗೆ ಕೊಡಿ.

ಎಷ್ಟಾಗ್ತದೆ, ಹೊಟ್ಟೆ ತುಂಬ್ತದಾ?

ಕಳೆದ ಸಲ ನಾವು ಆರು ಜನ, ಒಬ್ರಿಗೆ ಹತ್ತಿರ ಹತ್ತಿರ 900 ರೂಪಾಯಿ ಬಿತ್ತು, ಕುಡಿಯುದು ಏನೂ ಇಲ್ದೆ. ಸಾಲ್ಮನ್ ಸಾಶಿಮಿ ಕಡೆ ಕೈ ಹಾಕಿದ್ರೆ ಅದ್ರ ಡಬ್ಬಲ್, ಆ ಮೀನು ವಿಮಾನದಲ್ಲಿ ಬರುದು. ಅಪ್ಪ ಬಿಲ್ ನೋಡಿ "ಇಷ್ಟಕ್ಕೆ ಎರಡು ಕೆಜಿ ಅಂಜಲ್ ಮೀನು ಬರ್ತಿತ್ತು" ಅಂದ್ರು, ಅದು ಎಲ್ಲ ಹೋಟ್ಲಿನ ಬಿಲ್ಲಿಗೂ ಹೇಳುದೇ. ಸಾಮಾನ್ಯ ರೆಸ್ಟೋರೆಂಟಲ್ಲಿ ಜಿಎಸ್‌ಟಿ 5%. ಸರ್ವಿಸ್ ಚಾರ್ಜ್ ಅಂತ ಬೇರೆ ಸೇರ್ಸಿದ್ರೆ ಕೊಡ್ಲೇಬೇಕು ಅಂತಿಲ್ಲ, 2022ರ ಜುಲೈಯಲ್ಲಿ ಬಂದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಗೈಡ್‌ಲೈನ್ಸ್ ಪ್ರಕಾರ ತನ್ನಿಂತಾನೆ ಹಾಕುವ ಹಾಗಿಲ್ಲ, ತೆಗೀರಿ ಅಂತ ಮರ್ಯಾದೆಯಲ್ಲಿ ಹೇಳಿ. ಜಪಾನಲ್ಲಿ ಟಿಪ್ಸ್ ಕೊಡುವ ಕ್ರಮ ಇಲ್ಲ, ಹಾಗಂತ ಇಲ್ಲಿ ರಾತ್ರಿ ಹನ್ನೊಂದರ ತನಕ ನಿಂತ ಹುಡುಗನಿಗೆ ಆ ಕಾರಣ ಹೇಳ್ಬೇಡಿ.

ಹೊಟ್ಟೆ ತುಂಬುದು ನೀವು ಎಂತ ತಿಂದ್ರಿ ಅನ್ನುದ್ರ ಮೇಲೆ. ಎಂಟು ತುಂಡು ಸುಶಿ ನೋಡ್ಲಿಕ್ಕೆ ಇಷ್ಟೇ, ಆದ್ರೆ ಒತ್ತಿದ ಅನ್ನ, ಅರ್ಧ ಗಂಟೆ ಬಿಟ್ಟು ಗೊತ್ತಾಗ್ತದೆ. ಅಮ್ಮ ಮಾತ್ರ ಮನೆಗೆ ಬಂದು ಗಂಜಿಗೆ ನೀರು ಹಾಕಿ ಉಪ್ಪಿನಕಾಯಿ ಭರಣಿ ತೆಗೀತಾರೆ, ಅನ್ನದ ಮೇಲೆ ಬಿಸಿ ಚಾ ಹೊಯ್ದು ಉಪ್ಪಿನಕಾಯಿ ಇಟ್ಟು ಉಣ್ಣುದು ಜಪಾನಲ್ಲೂ ಉಂಟು, ಓಚಾಝುಕೆ ಅಂತ, ಹೇಳಿದ್ರೆ ಕೇಳ್ಲಿಕ್ಕೆ ಅಮ್ಮನಿಗೆ ಪುರುಸೊತ್ತಿಲ್ಲ.

ಉಳಿದದ್ದು ಪಾರ್ಸೆಲ್ ತರ್ಬಹುದಾ?

ಕರಿದದ್ದು, ಕರಿ, ಗ್ಯೋಝಾ ತನ್ನಿ. ಹಸಿ ಮೀನಿನ ಸುಶಿ ಬೇಡ, ನಮ್ಮ ಸೆಕೆಗೆ ಹಂಪನಕಟ್ಟೆ ಸಿಗ್ನಲ್ ದಾಟುವಷ್ಟರಲ್ಲಿ ಅದ್ರ ಕಥೆ ಬೇರೆ ಆಗ್ತದೆ. ಫ್ರಿಜ್ಜಲ್ಲಿಟ್ರೆ ಅನ್ನ ಕಲ್ಲು. ರಾಮೆನ್ ತರುದಾದ್ರೆ ಸಾರು ಬೇರೆ, ನೂಡಲ್ಸ್ ಬೇರೆ ಕಟ್ಟಿಸಿ.

ಐಸ್‌ಕ್ರೀಂ ಅಲ್ಲೇ ತಿನ್ನುದಾ?

ಮಾಚಾ ಐಸ್‌ಕ್ರೀಂ ಒಂದು ತೆಗೊಂಡು ಎಲ್ರೂ ಒಂದೊಂದು ಚಮಚ ನೋಡಿ, ಹಸಿರು ಚಾ ಪುಡಿಯದ್ದು, ಸ್ವಲ್ಪ ಕಹಿ. ಅಜ್ಜಿ "ಕಷಾಯದ ಐಸ್‌ಕ್ರೀಮಾ?" ಅಂತ ಕೇಳಿ ನನ್ನ ಪಾಲೂ ತಿಂದ್ರು. ಉಳಿದವ್ರಿಗೆ ಗಡ್‌ಬಡ್ ಐಸ್‌ಕ್ರೀಂ ತಿನ್ನದೆ ಊಟ ಮುಗಿದ ಹಾಗೆ ಆಗುದಿಲ್ಲ, ಐಸ್‌ಕ್ರೀಂ ಪಾರ್ಲರಿನವ್ರು ಹತ್ತೂವರೆ ಆಯ್ತಂದ್ರೆ ಕುರ್ಚಿ ಮೇಲೆ ಕುರ್ಚಿ ಇಡ್ಲಿಕ್ಕೆ ಶುರು ಮಾಡ್ತಾರೆ, ಹಾಗಾಗಿ ಹತ್ತಕ್ಕೇ ಬಿಲ್ ಕೇಳಿ.